ಪಂದ್ಯಕ್ಕೆ ಬರೀ 15 ಅಂಕ, ಆದ್ರೂ 11 ಚಾಂಪಿಯನ್‌ಶಿಪ್: ಬಿಲ್ ರಸೆಲ್ ನಿಜಕ್ಕೂ ಅಷ್ಟು ದೊಡ್ಡ ಆಟಗಾರನಾ?

ಅಂಕಿಪ್ರಿಯ:

ಜಗಳ ಹಚ್ಚೋಣ ಅಂತ ಕೇಳುತ್ತಿಲ್ಲ. ನಿಜವಾಗಿಯೂ ತಲೆಗೆ ಹತ್ತದೆ ಕೇಳುತ್ತಿದ್ದೇನೆ.

ಅಮೆರಿಕದ ಬಾಸ್ಕೆಟ್‌ಬಾಲ್ ಲೀಗ್ ಆದ ಎನ್‌ಬಿಎಯ ದೊಡ್ಡ ಆಟಗಾರರ ಪಟ್ಟಿಯನ್ನು ಯಾರೇ ಮಾಡಲಿ, ಅದರ ಮೇಲಿನ ಸಾಲುಗಳಲ್ಲಿ ಬಿಲ್ ರಸೆಲ್ ಹೆಸರು ಇದ್ದೇ ಇರುತ್ತದೆ. ಬಾಸ್ಟನ್ ಸೆಲ್ಟಿಕ್ಸ್ ಪರ 13 ಸೀಸನ್ ಆಡಿ 11 ಚಾಂಪಿಯನ್‌ಶಿಪ್ ಗೆದ್ದವನು. ಅದರಲ್ಲಿ 1959ರಿಂದ 1966ರವರೆಗೆ ಸತತ ಎಂಟು. ಇದನ್ನು ಯಾರೂ ಅಲ್ಲಗಳೆಯುವ ಹಾಗಿಲ್ಲ. ಆದರೆ ಅವನ ಅಂಕಿಗಳನ್ನು ತೆಗೆದು ನೋಡಿದಾಗ ನನಗೆ ಗೊಂದಲ ಶುರುವಾಯಿತು. ಪಂದ್ಯಕ್ಕೆ ಸರಾಸರಿ 15.1 ಅಂಕ. ಹೊಡೆದ ಶಾಟ್‌ಗಳಲ್ಲಿ ಒಳಗೆ ಬಿದ್ದದ್ದು 44%, ಅದೂ ರಿಂಗ್ ಪಕ್ಕದಲ್ಲೇ ನಿಲ್ಲುವ ಸೆಂಟರ್‌ಗೆ. ಫ್ರೀ ಥ್ರೋ (ಫೌಲ್ ಆದಾಗ ಸಿಗುವ, ಯಾರೂ ಅಡ್ಡ ಬರದ ಶಾಟ್) 56%. ರಿಬೌಂಡ್ (ತಪ್ಪಿದ ಶಾಟ್‌ನ ಬಾಲ್ ಹಿಡಿಯುವುದು) ಮಾತ್ರ ಪಂದ್ಯಕ್ಕೆ 22.5, ಅದು ಭರ್ಜರಿಯೇ. ಆದರೆ ಆ ಕಾಲದಲ್ಲಿ ಶಾಟ್ ತಪ್ಪುತ್ತಿದ್ದದ್ದೇ ಜಾಸ್ತಿ, ಹಾಗಾಗಿ ರಿಬೌಂಡೂ ಜಾಸ್ತಿ ಸಿಗುತ್ತಿತ್ತು ಅಲ್ವಾ?

ಈಗ 1961-62ರ ಸೀಸನ್ ನೋಡಿ. ಎದುರಾಳಿ ಟೀಮಿನ ಸೆಂಟರ್ ವಿಲ್ಟ್ ಚೇಂಬರ್ಲೇನ್ ಪಂದ್ಯಕ್ಕೆ ಸರಾಸರಿ 50.4 ಅಂಕ ಹೊಡೆದ. ಸರಾಸರಿ! ಒಂದೇ ಪಂದ್ಯದಲ್ಲಿ 100 ಹೊಡೆದದ್ದೂ ಅದೇ ವರ್ಷ. ಆ ವರ್ಷದ ಎಂವಿಪಿ, ಅಂದರೆ ಸೀಸನ್‌ನ ಅತ್ಯಂತ ಬೆಲೆಬಾಳುವ ಆಟಗಾರ, ಯಾರು? ರಸೆಲ್! ಇದು ಹೇಗೆ ಸಾಧ್ಯ? ಒಳ್ಳೆ ಟೀಮ್‌ನಲ್ಲಿ ಇದ್ದದ್ದೇ ಅವನ ಅದೃಷ್ಟವಾ? ಅವನು ಅಂಗಳದಲ್ಲಿ ಏನು ಮಾಡುತ್ತಿದ್ದ ಅಂತ ಯಾರಾದರೂ ಬಿಡಿಸಿ ಹೇಳಿ. "ಅವನೊಬ್ಬ ಮಹಾನ್ ನಾಯಕ" ಅನ್ನುವ ಥರದ ಉತ್ತರ ಬೇಡ, ಅದನ್ನು ಎಲ್ಲಾ ಕಡೆ ಓದಿ ಸಾಕಾಗಿದೆ.

ಎಡಗೈ ಸೆಂಟರ್:

ನೀವು ಕೊಟ್ಟ ಅಂಕಿ ಎಲ್ಲಾ ಸರಿ. ಆದರೆ ರಸೆಲ್ ಮಾಡುತ್ತಿದ್ದ ಮುಖ್ಯ ಕೆಲಸದ ಲೆಕ್ಕವೇ ಆ ಹಾಳೆಯಲ್ಲಿ ಇಲ್ಲ. ಎನ್‌ಬಿಎ ಬ್ಲಾಕ್‌ಗಳನ್ನು (ಎದುರಾಳಿಯ ಶಾಟನ್ನು ಗಾಳಿಯಲ್ಲೇ ಕೈಯಿಂದ ತಡೆಯುವುದು) ಅಧಿಕೃತವಾಗಿ ಎಣಿಸಲು ಶುರು ಮಾಡಿದ್ದೇ 1973-74ರಲ್ಲಿ. ರಸೆಲ್ ಆಟ ಬಿಟ್ಟದ್ದು 1969ರಲ್ಲಿ. ಬೌಲರ್ ತೆಗೆದ ವಿಕೆಟ್‌ಗಳನ್ನೇ ಬರೆದಿಡದೆ ಅವನ ಬ್ಯಾಟಿಂಗ್ ಸರಾಸರಿ ನೋಡಿ "ಇವನೇನು ಮಹಾ" ಅಂದ ಹಾಗಾಯಿತು ಇದು.

ಅಂಗಳದಲ್ಲಿ ಏನು ಮಾಡುತ್ತಿದ್ದ ಅಂತ ಕೇಳಿದ್ದೀರಿ, ಹೇಳುತ್ತೇನೆ, ಸ್ವಲ್ಪ ಉದ್ದ ಆಗುತ್ತದೆ.

ಮೊದಲು ಬ್ಲಾಕ್. ಬಹಳಷ್ಟು ದೊಡ್ಡ ಆಟಗಾರರು ಬ್ಲಾಕ್ ಮಾಡುವಾಗ ಬಾಲನ್ನು ಬಾರಿಸಿ ಗ್ಯಾಲರಿಗೆ ಕಳಿಸುತ್ತಾರೆ. ಜನ ಶಿಳ್ಳೆ ಹೊಡೆಯುತ್ತಾರೆ, ನೋಡಲು ಚೆಂದ. ಆದರೆ ಬಾಲ್ ಹೊರಗೆ ಹೋದರೆ ಮತ್ತೆ ಎದುರಾಳಿಗೇ ಸಿಗುತ್ತದೆ, ಸುಮ್ನೆ ಒಂದೆರಡು ಸೆಕೆಂಡ್ ಲಾಭ ಅಷ್ಟೇ. ರಸೆಲ್ ಹಾಗೆ ಮಾಡುತ್ತಿರಲಿಲ್ಲ. ಬಾಲನ್ನು ಮೆಲ್ಲಗೆ ತಟ್ಟಿ ಅಂಗಳದ ಒಳಗೇ ಉಳಿಸುತ್ತಿದ್ದ, ಸಾಧ್ಯವಾದರೆ ತನ್ನವರ ಕೈಗೇ ಬೀಳಿಸುತ್ತಿದ್ದ. ಅಲ್ಲಿಂದ ಜೊತೆಯ ಆಟಗಾರ ಬಾಬ್ ಕೂಸಿ ಬಾಲ್ ಹಿಡಿದು ಓಡಿದರೆ ಮುಗಿಯಿತು, ಎದುರಾಳಿ ತಿರುಗುವಷ್ಟರಲ್ಲಿ ಆ ಕಡೆ ಎರಡು ಅಂಕ. ಅಂದರೆ ಒಂದೇ ಏಟಿಗೆ ನಾಲ್ಕು ಅಂಕದ ವ್ಯತ್ಯಾಸ. ಈ ಎರಡು ಅಂಕ ಹಾಳೆಯಲ್ಲಿ ಬೇರೆ ಯಾರದೋ ಹೆಸರಿನಲ್ಲಿ ಬಿದ್ದಿರುತ್ತದೆ.

ರಸೆಲ್ ಎಡಗೈಯವನು, ಇದೂ ಮುಖ್ಯ. ಜಾಸ್ತಿ ಜನ ಬಲಗೈಯಲ್ಲಿ ಶಾಟ್ ಹೊಡೆಯುತ್ತಾರೆ. ಎದುರಿಗೆ ನಿಂತವನ ಎಡಗೈ ನೇರವಾಗಿ ಆ ಬಲಗೈಗೆ ಎದುರಾಗುತ್ತದೆ. ದೇಹ ಅಡ್ಡ ಹಾಕದೆ, ಫೌಲ್ ಆಗದೆ ಬಾಲ್ ಮುಟ್ಟಬಹುದು.

ಎರಡನೆಯದು, ಹೊಡೆಯದ ಶಾಟ್‌ಗಳು. ಎಲ್ಲಾ ಶಾಟನ್ನೂ ಬ್ಲಾಕ್ ಮಾಡಲು ಯಾರಿಂದಲೂ ಆಗುವುದಿಲ್ಲ, ಅವನು ಅದಕ್ಕೆ ಪ್ರಯತ್ನವನ್ನೂ ಪಡುತ್ತಿರಲಿಲ್ಲ. ಆದರೆ ಯಾವುದನ್ನು ಮಾಡುತ್ತಾನೆ ಅಂತ ಎದುರಾಳಿಗೆ ಗೊತ್ತಾಗಬಾರದು. ಒಳಗೆ ನುಗ್ಗಿ ಬಂದವನು ರಿಂಗ್ ನೋಡುವ ಬದಲು ರಸೆಲ್ ಎಲ್ಲಿದ್ದಾನೆ ಅಂತ ನೋಡುತ್ತಾನೆ, ಶಾಟ್ ಅರ್ಧ ಅಡಿ ಮೇಲೆ ಎತ್ತಿ ಹೊಡೆಯುತ್ತಾನೆ, ಅಥವಾ ಹೊಡೆಯದೆ ಹೊರಗೆ ಪಾಸ್ ಮಾಡುತ್ತಾನೆ. ಇದಕ್ಕೆ ಇವತ್ತಿಗೂ ಸರಿಯಾದ ಅಂಕಿ ಇಲ್ಲ.

ಮೂರನೆಯದು ಜೊತೆಯವರಿಗೆ ಸಿಕ್ಕ ಧೈರ್ಯ. ಹಿಂದೆ ರಸೆಲ್ ನಿಂತಿದ್ದಾನೆ ಅನ್ನುವ ನಂಬಿಕೆಯಲ್ಲಿ ಗಾರ್ಡ್‌ಗಳು (ರಿಂಗ್‌ನಿಂದ ದೂರ ನಿಂತು ಆಡುವವರು) ಮುಂದೆ ಹೋಗಿ ಬಾಲ್ ಕಸಿಯಲು ಕೈ ಹಾಕುತ್ತಿದ್ದರು. ತಪ್ಪಿ ಎದುರಾಳಿ ದಾಟಿ ಹೋದರೆ "ಹೇ ಬಿಲ್!" ಅಂತ ಕೂಗುವುದು. ಸೆಲ್ಟಿಕ್ಸ್ ಡಿಫೆನ್ಸ್‌ಗೆ "ಹೇ ಬಿಲ್" ಅಂತಲೇ ಹೆಸರು ಬಿದ್ದಿತ್ತು.

ಅದೃಷ್ಟದ ಮಾತಿಗೆ ಬಂದರೆ, ಕೂಸಿ ಮತ್ತು ಕೋಚ್ ರೆಡ್ ಆವರ್‌ಬ್ಯಾಕ್ ಇಬ್ಬರೂ 1950ರಿಂದಲೇ ಬಾಸ್ಟನ್‌ನಲ್ಲಿ ಇದ್ದರು. ಬಿಲ್ ಶಾರ್ಮನ್ ಥರದ ಶೂಟರ್ ಇದ್ದ. ಅಂಕ ಹೊಡೆಯಲು ಬರವೇ ಇರಲಿಲ್ಲ. ಆದರೂ ಒಂದು ಸಲವೂ ಫೈನಲ್ ಮುಟ್ಟಲಿಲ್ಲ. ರಸೆಲ್ 1956ರ ಡಿಸೆಂಬರ್‌ನಲ್ಲಿ ಬಂದ, 1957ರಲ್ಲಿ ಕಪ್ ಬಂತು. ಇನ್ನೊಂದು ತುದಿ ನೋಡಿ. ಅವನ ಕೊನೆಯ ಸೀಸನ್‌ನಲ್ಲಿ ಸೆಲ್ಟಿಕ್ಸ್ 48 ಗೆಲುವು, 34 ಸೋಲು. ಅವನು ಹೋದ ಮರುವರ್ಷ 34 ಗೆಲುವು, 48 ಸೋಲು, ಪ್ಲೇಆಫ್ (ಸೀಸನ್ ಕೊನೆಯ ನಾಕೌಟ್ ಸುತ್ತುಗಳು) ಕೂಡ ಇಲ್ಲ. ಇನ್ನೊಬ್ಬ ಮುಖ್ಯ ಆಟಗಾರ ಸ್ಯಾಮ್ ಜೋನ್ಸ್ ಕೂಡ ರಸೆಲ್ ಜೊತೆಗೇ ನಿವೃತ್ತಿಯಾದ, ಅದನ್ನೂ ಲೆಕ್ಕಕ್ಕೆ ಹಿಡಿಯಬೇಕು. ಆದರೂ ಇಷ್ಟು ದೊಡ್ಡ ಕುಸಿತ!

ಎಂವಿಪಿ ವಿಷಯ. ಆಗ ಎಂವಿಪಿಗೆ ವೋಟ್ ಹಾಕುತ್ತಿದ್ದವರು ಆಟಗಾರರೇ, ಪತ್ರಕರ್ತರಲ್ಲ. ವರ್ಷದ ಅತ್ಯುತ್ತಮ ಐವರನ್ನು ಆರಿಸುತ್ತಿದ್ದವರು ಪತ್ರಕರ್ತರು. ಮಜಾ ಏನು ಅಂದರೆ 1958, 1961, 1962, ಈ ಮೂರು ವರ್ಷವೂ ರಸೆಲ್ ಎಂವಿಪಿ, ಆದರೆ ಪತ್ರಕರ್ತರು ಅವನನ್ನು ಎರಡನೇ ಟೀಮಿಗೆ ಹಾಕಿದ್ದರು! ಹಾಳೆ ನೋಡಿದವರಿಗೆ ವಿಲ್ಟ್ ದೊಡ್ಡವನು, ಅಂಗಳದಲ್ಲಿ ಎದುರಿಗೆ ನಿಂತವರಿಗೆ ರಸೆಲ್. ನಿಮ್ಮ ಪ್ರಶ್ನೆಗೆ ನನ್ನ ಉತ್ತರ ಇಷ್ಟೇ.

ಹಳೇ ಸ್ಕೋರ್‌ಬುಕ್:

ಮೇಲಿನವರು ಆಟದ ಬಗ್ಗೆ ಚೆನ್ನಾಗಿ ಹೇಳಿದ್ದಾರೆ. ಆ ಆಟ ಅವರಿಗೆ ಎಲ್ಲಿಂದ ಬಂತು ಅನ್ನುವುದನ್ನು ನಾನು ಸೇರಿಸುತ್ತೇನೆ, ಯಾಕೆಂದರೆ ಹುಟ್ಟು ಪ್ರತಿಭೆ ಅಂತ ತಳ್ಳಿಹಾಕುವ ಕಥೆ ಅಲ್ಲ ಇದು.

ರಸೆಲ್ ಹುಟ್ಟಿದ್ದು 1934ರ ಫೆಬ್ರವರಿ 12ರಂದು, ಲೂಸಿಯಾನಾದ ಮನ್ರೋ ಊರಿನಲ್ಲಿ. ಕಪ್ಪು ಜನರನ್ನು ಕಾನೂನಿನ ಮೂಲಕವೇ ಬೇರೆ ಇಟ್ಟಿದ್ದ ಕಾಲ ಮತ್ತು ಜಾಗ. ಅಪ್ಪ ಅಮ್ಮ ಅಲ್ಲಿ ಪಟ್ಟ ಅವಮಾನ ಸಾಕಾಗಿ, ಮಗ ಚಿಕ್ಕವನಿದ್ದಾಗಲೇ ಕ್ಯಾಲಿಫೋರ್ನಿಯಾದ ಓಕ್‌ಲ್ಯಾಂಡ್‌ಗೆ ಬಂದರು. ಹನ್ನೆರಡು ವರ್ಷವಾಗಿದ್ದಾಗ ಅಮ್ಮ ತೀರಿಕೊಂಡರು. ಮ್ಯಾಕ್ಲೈಮಂಡ್ಸ್ ಹೈಸ್ಕೂಲಿನಲ್ಲಿ ಹುಡುಗನಿಗೆ ಟೀಮಿನಲ್ಲಿ ಜಾಗವೇ ಗಟ್ಟಿ ಇರಲಿಲ್ಲ. ಜಾರ್ಜ್ ಪೌಲ್ಸ್ ಅನ್ನುವ ಕೋಚ್ ಕೈಬಿಡದೆ ಇಟ್ಟುಕೊಂಡರು. ಅದೇ ಸ್ಕೂಲ್ ಟೀಮಿನಲ್ಲಿ ಮುಂದೆ ಬೇಸ್‌ಬಾಲ್‌ನಲ್ಲಿ ದೊಡ್ಡ ಹೆಸರು ಮಾಡಿದ ಫ್ರ್ಯಾಂಕ್ ರಾಬಿನ್ಸನ್ ಕೂಡ ಇದ್ದರು. ಒಂದೇ ಬೆಂಚಿನಲ್ಲಿ ಇಬ್ಬರು, ಆಮೇಲೆ ರಸೆಲ್ ಎನ್‌ಬಿಎಯ ಮೊದಲ ಕಪ್ಪು ಹೆಡ್ ಕೋಚ್, ರಾಬಿನ್ಸನ್ ಮೇಜರ್ ಲೀಗ್ ಬೇಸ್‌ಬಾಲಿನ ಮೊದಲ ಕಪ್ಪು ಮ್ಯಾನೇಜರ್ (ಅಲ್ಲಿ ಕೋಚ್‌ಗೆ ಹಾಗೆನ್ನುತ್ತಾರೆ) ಆದರು. ಇದು ನನಗೆ ಯಾವಾಗಲೂ ಆಶ್ಚರ್ಯ.

ದೊಡ್ಡ ಕಾಲೇಜುಗಳು ರಸೆಲ್ ಕಡೆ ತಿರುಗಿಯೂ ನೋಡಲಿಲ್ಲ. ಕರೆದದ್ದು ಯೂನಿವರ್ಸಿಟಿ ಆಫ್ ಸ್ಯಾನ್ ಫ್ರಾನ್ಸಿಸ್ಕೊ. ಆಗ ಅವರಿಗೆ ಸ್ವಂತದ ಜಿಮ್ ಕೂಡ ಇರಲಿಲ್ಲ. ಅಲ್ಲಿ ರೂಮ್‌ಮೇಟ್ ಆಗಿ ಸಿಕ್ಕವರು ಕೆ.ಸಿ. ಜೋನ್ಸ್. ಇಬ್ಬರೂ ಕೂತು ಬಾಸ್ಕೆಟ್‌ಬಾಲನ್ನು ರೇಖಾಗಣಿತದ ಹಾಗೆ ಬಿಡಿಸುತ್ತಿದ್ದರು. ಈ ಕೋನದಿಂದ ಶಾಟ್ ತಪ್ಪಿದರೆ ಬಾಲ್ ಎಲ್ಲಿಗೆ ಚಿಮ್ಮುತ್ತದೆ, ಇವನನ್ನು ಎಡಕ್ಕೆ ತಳ್ಳಿದರೆ ಮುಂದಿನ ಪಾಸ್ ಎಲ್ಲಿಗೆ ಹೋಗುತ್ತದೆ, ಇದೇ ಮಾತು. ಆ ಕಾಲದ ಕೋಚ್‌ಗಳು ಡಿಫೆನ್ಸ್ ಮಾಡುವವನು ನೆಲ ಬಿಡಲೇಬಾರದು ಅಂತ ಕಲಿಸುತ್ತಿದ್ದರು. ಹಾರಿದರೆ ಮೋಸ ಹೋಗುತ್ತೀಯ ಅಂತ. ರಸೆಲ್ ಹಾರಿದರು. ಹಾರಲು ಬರುತ್ತಿತ್ತು ಕೂಡ: 1956ರಲ್ಲಿ ಹೈಜಂಪ್‌ನಲ್ಲಿ 2.06 ಮೀಟರ್ ದಾಟಿದವರು ಅವರು. ಒಂದು ರೀತಿಯಲ್ಲಿ ನೋಡಿದರೆ ಬಾಸ್ಕೆಟ್‌ಬಾಲಿನ ಡಿಫೆನ್ಸ್ ನೆಲದಿಂದ ಮೇಲಕ್ಕೆ ಎದ್ದದ್ದೇ ಅಲ್ಲಿಂದ.

1955 ಮತ್ತು 1956, ಎರಡು ವರ್ಷವೂ ಕಾಲೇಜು ಚಾಂಪಿಯನ್‌ಶಿಪ್ ಗೆದ್ದರು. ಸತತ 55 ಪಂದ್ಯ ಗೆದ್ದು ಕಾಲೇಜು ಬಿಟ್ಟರು. ರಿಂಗ್ ಮುಂದಿನ ಜಾಗವನ್ನು 6 ಅಡಿಯಿಂದ 12 ಅಡಿಗೆ ಅಗಲ ಮಾಡಿದ್ದೂ ಇವರನ್ನು ದೂರ ಇಡಲಿಕ್ಕೇ. ಆಮೇಲೆ 1956ರ ಮೆಲ್ಬರ್ನ್ ಒಲಿಂಪಿಕ್ಸ್. ಫೈನಲ್‌ನಲ್ಲಿ ಸೋವಿಯತ್ ಒಕ್ಕೂಟದ ವಿರುದ್ಧ 89-55. ಚಿನ್ನ ತಂದ ಮೇಲೆಯೇ ಬಾಸ್ಟನ್‌ಗೆ ಹೋದದ್ದು, ಅದಕ್ಕೇ ಸೀಸನ್ ಮಧ್ಯದಲ್ಲಿ ಸೇರಿಕೊಂಡರು.

ಡ್ರಾಫ್ಟ್ (ಹೊಸ ಆಟಗಾರರನ್ನು ಟೀಮ್‌ಗಳು ಸರದಿಯಂತೆ ಆರಿಸುವುದು) ಕಥೆಯೂ ಸ್ವಾರಸ್ಯವಾಗಿದೆ. ಮೊದಲ ಆಯ್ಕೆ ರೋಚೆಸ್ಟರ್ ರಾಯಲ್ಸ್ ಕೈಯಲ್ಲಿತ್ತು, ಅವರು ಸಿಹ್ಯುಗೋ ಗ್ರೀನ್ ಅನ್ನುವ ಗಾರ್ಡ್‌ನನ್ನು ತೆಗೆದುಕೊಂಡರು. ಎರಡನೆಯದು ಸೇಂಟ್ ಲೂಯಿಸ್ ಹಾಕ್ಸ್. ಅವರು ರಸೆಲ್ ಅವರನ್ನು ಬಾಸ್ಟನ್‌ಗೆ ಕೊಟ್ಟು ಎಡ್ ಮೆಕಾಲಿ ಮತ್ತು ಕ್ಲಿಫ್ ಹೇಗನ್ ಇಬ್ಬರನ್ನು ಪಡೆದರು. ಸೇಂಟ್ ಲೂಯಿಸ್‌ನವರು ಮೋಸ ಹೋದರು ಅಂತ ಎಲ್ಲರೂ ನಗುತ್ತಾರೆ, ನನಗೆ ಹಾಗೆ ಅನ್ನಿಸುವುದಿಲ್ಲ. ಆ ಇಬ್ಬರನ್ನು ಇಟ್ಟುಕೊಂಡೇ ಅವರು 1958ರಲ್ಲಿ ಬಾಸ್ಟನ್ ವಿರುದ್ಧ ಕಪ್ ಗೆದ್ದರು.

ಅರ್ಧ ಕೋರ್ಟ್:

ಎಲ್ಲರೂ ಪೂಜೆ ಮಾಡುತ್ತಿದ್ದೀರಿ, ನಾನು ಸ್ವಲ್ಪ ಮಣ್ಣು ಎರಚುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ರಸೆಲ್ ಬಂದಾಗ ಲೀಗ್‌ನಲ್ಲಿ ಇದ್ದದ್ದೇ ಎಂಟು ಟೀಮ್. ಅದರಲ್ಲಿ ಆರು ಪ್ಲೇಆಫ್‌ಗೆ! ಡಿವಿಷನ್‌ನಲ್ಲಿ ಮೊದಲು ಬಂದರೆ ನೇರ ಎರಡನೇ ಸುತ್ತು, ಎರಡು ಸೀರೀಸ್ ಗೆದ್ದರೆ ಚಾಂಪಿಯನ್. ಇವತ್ತು 30 ಟೀಮ್, ನಾಲ್ಕು ಸುತ್ತು. ಈ 11 ಅನ್ನು ಆಮೇಲಿನ ಕಾಲದ ಆಟಗಾರರ ಚಾಂಪಿಯನ್‌ಶಿಪ್‌ಗಳ ಪಕ್ಕ ಇಟ್ಟು ತೂಗುವುದು ನ್ಯಾಯವಾ?

ಇನ್ನು ಜೊತೆಯವರು. ಕೂಸಿ, ಶಾರ್ಮನ್, ಟಾಮ್ ಹೈನ್‌ಸನ್, ಸ್ಯಾಮ್ ಜೋನ್ಸ್, ಕೆ.ಸಿ. ಜೋನ್ಸ್, ಜಾನ್ ಹ್ಯಾವ್ಲಿಚೆಕ್, ಫ್ರ್ಯಾಂಕ್ ರ‍್ಯಾಮ್ಸೆ, ಎಲ್ಲರೂ ಹಾಲ್ ಆಫ್ ಫೇಮ್ (ಆಟದ ಶ್ರೇಷ್ಠರ ಗೌರವ ಪಟ್ಟಿ) ಸೇರಿದವರು. 1957ರ ಫೈನಲ್‌ನ ಏಳನೇ (ಕೊನೆಯ, ನಿರ್ಣಾಯಕ) ಪಂದ್ಯ ಡಬಲ್ ಓವರ್‌ಟೈಮ್‌ಗೆ (ಸ್ಕೋರ್ ಸಮವಾಗಿ ಎರಡು ಸಲ ಹೆಚ್ಚುವರಿ ಆಟಕ್ಕೆ) ಹೋಗಿ 125-123ಕ್ಕೆ ಗೆದ್ದರಲ್ಲ, ಅದರಲ್ಲಿ 37 ಅಂಕ ಹೊಡೆದದ್ದು ಹೈನ್‌ಸನ್. ಕೂಸಿ, ಶಾರ್ಮನ್ ಇಬ್ಬರ ಕೈಯೂ ಅವತ್ತು ಕಟ್ಟಿತ್ತು.

ಅದೃಷ್ಟವೂ ಕಡಿಮೆ ಇರಲಿಲ್ಲ ಗುರೂ. 1962ರ ಫೈನಲ್, ಏಳನೇ ಪಂದ್ಯ, ಸ್ಕೋರ್ ಸಮ. ಕೊನೇ ಸೆಕೆಂಡುಗಳಲ್ಲಿ ಲೇಕರ್ಸ್‌ನ ಫ್ರ್ಯಾಂಕ್ ಸೆಲ್ವಿಗೆ ಖಾಲಿ ಶಾಟ್ ಸಿಕ್ಕಿತು. ತಪ್ಪಿತು. ಅದು ಬಿದ್ದಿದ್ದರೆ ಸತತ ಎಂಟು ಎಲ್ಲಿ? 1965ರಲ್ಲಿ ಫಿಲಡೆಲ್ಫಿಯಾ ವಿರುದ್ಧ 110-109 ಮುಂದಿದ್ದಾಗ ಕೊನೆಯ ಐದು ಸೆಕೆಂಡಿನಲ್ಲಿ ರಸೆಲ್ಲೇ ಬಾಲ್ ಒಳಗೆ ಎಸೆಯಲು ಹೋಗಿ, ಬೋರ್ಡ್ ಹಿಡಿದಿಟ್ಟಿದ್ದ ತಂತಿಗೆ ಹೊಡೆದ! ಬಾಲ್ ಎದುರಾಳಿಗೆ ಹೋಯಿತು. ಹ್ಯಾವ್ಲಿಚೆಕ್ ಆ ಪಾಸ್ ಕಸಿಯದಿದ್ದರೆ ಇವತ್ತು ನಾವು ಆ ತಂತಿಯ ಬಗ್ಗೆ ಚರ್ಚೆ ಮಾಡುತ್ತಿದ್ದೆವು.

ರಸೆಲ್ ಒಳ್ಳೆ ಆಟಗಾರ ಅಲ್ಲ ಅಂತ ನಾನು ಹೇಳುತ್ತಿಲ್ಲ. 11ರಲ್ಲಿ ಎಷ್ಟು ಅವನದು, ಎಷ್ಟು ಕಾಲದ್ದು ಅಂತ ಕೇಳುತ್ತಿದ್ದೇನೆ.

ಎಡಗೈ ಸೆಂಟರ್:

@ಅರ್ಧ ಕೋರ್ಟ್, ಎರಡು ಸುತ್ತಿನ ಮಾತು ಒಪ್ಪಿದೆ. ಹನ್ನೊಂದನ್ನು ಹಾಗೇ ಎತ್ತಿ ಈಗಿನ ಕಾಲಕ್ಕೆ ಹೋಲಿಸುವುದು ತಪ್ಪು, ಅದಕ್ಕೆ ನನ್ನ ತಕರಾರಿಲ್ಲ.

ಆದರೆ ಎಂಟು ಟೀಮ್ ಅಂದರೆ ಸುಲಭ ಅಂತ ಯಾಕೆ ಅಂದುಕೊಳ್ಳಬೇಕು? ಇಡೀ ಲೀಗ್‌ಗೆ ನೂರು ಆಟಗಾರರೂ ಬೇಡದ ಕಾಲ. ಹಾಗಾಗಿ ಕಳಪೆ ಟೀಮ್ ಅಂತ ಸಿಗುವುದೇ ಅಪರೂಪ, ವಿಲ್ಟ್ ಒಬ್ಬನನ್ನೇ ಸೀಸನ್‌ಗೆ ಹತ್ತು ಸಲ ಎದುರಿಸಬೇಕು. ಪ್ಲೇಆಫ್‌ನಲ್ಲಿ ವಿಲ್ಟ್ ಮತ್ತು ರಸೆಲ್ ಎಂಟು ಸಲ ಎದುರಾದರು. ಏಳು ಸಲ ರಸೆಲ್ ಗೆದ್ದ. 1967ರಲ್ಲಿ ಒಂದು ಸಲ ವಿಲ್ಟ್. ನೀವು ಹೇಳಿದ 1962ರಲ್ಲೇ, ಸೀಸನ್‌ಪೂರ್ತಿ 50 ಹೊಡೆದ ವಿಲ್ಟ್‌ಗೆ ಬಾಸ್ಟನ್ ವಿರುದ್ಧದ ಏಳನೇ ಪಂದ್ಯದಲ್ಲಿ ಸಿಕ್ಕಿದ್ದು 22.

ಸೆಲ್ವಿ ಶಾಟ್ ಅದೃಷ್ಟ, ಸರಿ. ಆ ಶಾಟ್ ತಪ್ಪಿದಾಗ ರಿಬೌಂಡ್ ಹಿಡಿದದ್ದು ಯಾರು ಅಂತಲೂ ಹೇಳಿ! ಆ ಪಂದ್ಯದಲ್ಲಿ ರಸೆಲ್‌ದು 30 ಅಂಕ, 40 ರಿಬೌಂಡ್. ನಲವತ್ತು. ಓವರ್‌ಟೈಮ್‌ನಲ್ಲಿ 110-107. 1957ರ ಪಂದ್ಯ ಎತ್ತಿದಿರಿ. ಹೈನ್‌ಸನ್ 37 ಹೊಡೆದದ್ದು ನಿಜ. ಆದರೆ ನಾಲ್ಕನೇ ಕ್ವಾರ್ಟರಿನ ಕೊನೆಯಲ್ಲಿ ಎದುರಾಳಿ ಹಾಕ್ಸ್‌ನ ಜ್ಯಾಕ್ ಕೋಲ್ಮನ್ ಬಾಲ್ ಹಿಡಿದು ಒಬ್ಬನೇ ಓಡುತ್ತಿದ್ದ, ಅದು ಬಿದ್ದಿದ್ದರೆ ಓವರ್‌ಟೈಮೂ ಇಲ್ಲ ಏನೂ ಇಲ್ಲ. ಆ ತುದಿಯಲ್ಲಿದ್ದ ರಸೆಲ್ ಇಡೀ ಕೋರ್ಟ್ ಓಡಿ ಹೋಗಿ ಅದನ್ನು ಬ್ಲಾಕ್ ಮಾಡಿದ. ಆ ಬ್ಲಾಕ್ ಯಾವ ಅಧಿಕೃತ ಲೆಕ್ಕದಲ್ಲೂ ಇಲ್ಲ. ನಾನು ಮೊದಲು ಹೇಳಿದ್ದೂ ಇದನ್ನೇ.

ಸೋತ ಎರಡು ವರ್ಷವನ್ನೂ ನೋಡಿ. 1958ರ ಫೈನಲ್‌ನಲ್ಲಿ ಮೂರನೇ ಪಂದ್ಯದಲ್ಲೇ ಅವನ ಕಾಲು ಉಳುಕಿತು. ಆರನೇ ಪಂದ್ಯದಲ್ಲಿ ಬಾಬ್ ಪೆಟಿಟ್ 50 ಹೊಡೆದ, ಹಾಕ್ಸ್ ಒಂದೇ ಒಂದು ಅಂಕದಿಂದ ಗೆದ್ದರು. 1967ರ ಫಿಲಡೆಲ್ಫಿಯಾ ನಿಜಕ್ಕೂ ಉತ್ತಮ ಟೀಮ್, ಅದಕ್ಕೆ ನೆಪ ಹೇಳಲ್ಲ.

ಕಾಲದ ಅದೃಷ್ಟ ಅಂತ ಒಂದು ಸಲ ಹೇಳಬಹುದು, ಎರಡು ಸಲ ಹೇಳಬಹುದು. ಎನ್‌ಬಿಎಯಲ್ಲಿ ರಸೆಲ್ ಆಡಿದ ಏಳನೇ ಪಂದ್ಯಗಳು ಹತ್ತು. ಹತ್ತೂ ಗೆದ್ದಿದ್ದಾನೆ. ದೊಡ್ಡ ಪಂದ್ಯದ ಮುಂಚೆ ಅವನಿಗೆ ಎಷ್ಟು ಟೆನ್ಷನ್ ಆಗುತ್ತಿತ್ತು ಅಂದರೆ ವಾಂತಿ ಮಾಡಿಕೊಳ್ಳುತ್ತಿದ್ದ. ಲಾಕರ್ ರೂಮಿನಲ್ಲಿ ಆ ಸದ್ದು ಕೇಳಿಸಿದರೆ ಜೊತೆಯವರಿಗೆ ನೆಮ್ಮದಿಯಂತೆ!

ಗ್ಯಾಲರಿ ಮೂಲೆ:

ಆಟದ ಬಗ್ಗೆ ನನಗೆ ನಿಮ್ಮಷ್ಟು ಗೊತ್ತಿಲ್ಲ, ನಾನು ಓದಿದ್ದು ಹೆಚ್ಚಾಗಿ ಅವರ ಬದುಕಿನ ಬಗ್ಗೆ. ಬಾಸ್ಟನ್ ಊರಿಗೂ ರಸೆಲ್‌ಗೂ ಇದ್ದ ಸಂಬಂಧ ಇಲ್ಲಿ ಯಾರೂ ಎತ್ತಿಲ್ಲ, ಅದಿಲ್ಲದೆ ಈ ಮನುಷ್ಯ ಅರ್ಥವೇ ಆಗುವುದಿಲ್ಲ ಅನ್ನುವುದು ನನ್ನ ಅಭಿಪ್ರಾಯ.

ಸೆಲ್ಟಿಕ್ಸ್ ಟೀಮ್ ಆ ಕಾಲಕ್ಕೆ ಬಹಳ ಮುಂದೆ ಇತ್ತು. ಎನ್‌ಬಿಎಯಲ್ಲಿ ಮೊದಲ ಕಪ್ಪು ಆಟಗಾರನನ್ನು ಡ್ರಾಫ್ಟ್ ಮಾಡಿದ್ದು ಅವರೇ, 1950ರಲ್ಲಿ ಚಕ್ ಕೂಪರ್. 1964ರ ಡಿಸೆಂಬರ್‌ನಲ್ಲಿ ಪಂದ್ಯದ ಶುರುವಿಗೆ ಐವರೂ ಕಪ್ಪು ಆಟಗಾರರನ್ನೇ ಇಳಿಸಿದ ಮೊದಲ ಟೀಮೂ ಅವರದೇ. 1966ರಲ್ಲಿ ಆವರ್‌ಬ್ಯಾಕ್ ಕೋಚ್ ಹುದ್ದೆ ಬಿಟ್ಟು ಅದನ್ನು ರಸೆಲ್‌ಗೆ ಕೊಟ್ಟರು. ಎನ್‌ಬಿಎಯ ಮೊದಲ ಕಪ್ಪು ಹೆಡ್ ಕೋಚ್. ಆಟಗಾರನೂ ಅವರೇ, ಕೋಚ್ ಕೂಡ ಅವರೇ, ಹಾಗಿದ್ದುಕೊಂಡೇ 1968, 1969ರಲ್ಲಿ ಎರಡು ಕಪ್ ಗೆದ್ದರು.

ಊರು ಮಾತ್ರ ಬೇರೆ. ವರ್ಷ ವರ್ಷ ಗೆಲ್ಲುತ್ತಿದ್ದರೂ ಬಾಸ್ಟನ್ ಗಾರ್ಡನ್ ತುಂಬುತ್ತಿರಲಿಲ್ಲ. ಅದೇ ಅಂಗಳದಲ್ಲಿ ಸೋಲುತ್ತಿದ್ದ ಐಸ್ ಹಾಕಿ ಟೀಮಿಗೆ ಜನ ಜಾಸ್ತಿ ಬರುತ್ತಿದ್ದರು. ರಸೆಲ್ ಕುಟುಂಬ ಬಾಸ್ಟನ್ ಪಕ್ಕದ ರೀಡಿಂಗ್‌ನಲ್ಲಿ ಇತ್ತು. ಅವರು ಊರಲ್ಲಿ ಇಲ್ಲದಾಗ ಯಾರೋ ಮನೆಗೆ ನುಗ್ಗಿ ಟ್ರೋಫಿಗಳನ್ನು ಒಡೆದು, ಗೋಡೆ ಮೇಲೆ ಜನಾಂಗದ ಬೈಗುಳ ಬರೆದು, ಮಂಚದ ಮೇಲೆ ಹೊಲಸು ಮಾಡಿ ಹೋದರು. ಅದೇ ಊರಿನಲ್ಲಿ ಇನ್ನೊಂದು ಮನೆಗೆ ಹೋಗಲು ನೋಡಿದಾಗ ಅಕ್ಕಪಕ್ಕದವರು ಬೇಡ ಅಂತ ಸಹಿ ಸಂಗ್ರಹಿಸಿದರು. ಅಂಥ ಜನ ಸ್ಟೇಡಿಯಂ ಬಾಗಿಲಲ್ಲಿ ಪೇಪರ್ ಹಿಡಿದು ಆಟೋಗ್ರಾಫ್ ಕೇಳಿದರೆ ಹೇಗನ್ನಿಸಬೇಡ? ಅವರು ಆಟೋಗ್ರಾಫ್ ಹಾಕುವುದನ್ನೇ ನಿಲ್ಲಿಸಿದರು. ಕೈಕುಲುಕುತ್ತೇನೆ, ಕೂತು ಮಾತಾಡುತ್ತೇನೆ, ಸಹಿ ಮಾತ್ರ ಇಲ್ಲ. ಜಂಬದವನು ಅಂತ ಹೆಸರು ಬಂತು.

1961ರಲ್ಲಿ ಕೆಂಟಕಿಯ ಲೆಕ್ಸಿಂಗ್ಟನ್‌ನಲ್ಲಿ ಒಂದು ಪ್ರದರ್ಶನ ಪಂದ್ಯ ಇತ್ತು. ಇಳಿದುಕೊಂಡ ಹೋಟೆಲಿನಲ್ಲಿ ಕಪ್ಪು ಆಟಗಾರರಿಗೆ ಊಟ ಕೊಡುವುದಿಲ್ಲ ಅಂದರು. ರಸೆಲ್, ಸ್ಯಾಮ್ ಜೋನ್ಸ್, ಕೆ.ಸಿ. ಜೋನ್ಸ್, ಸ್ಯಾಚ್ ಸ್ಯಾಂಡರ್ಸ್ ಪೆಟ್ಟಿಗೆ ಕಟ್ಟಿಕೊಂಡು ವಿಮಾನ ಹತ್ತಿದರು, ಪಂದ್ಯ ಆಡಲಿಲ್ಲ. ಎದುರಾಳಿ ಹಾಕ್ಸ್‌ನ ಕಪ್ಪು ಆಟಗಾರರೂ ಆಡಲಿಲ್ಲ. ಆವರ್‌ಬ್ಯಾಕ್ ಆಡಿ ಹೋಗಿ ಅಂತ ಒಪ್ಪಿಸಲು ನೋಡಿದರು, ಕೊನೆಗೆ ತಾವೇ ಏರ್‌ಪೋರ್ಟ್‌ಗೆ ಬಿಟ್ಟು ಬಂದರು. 1963ರಲ್ಲಿ ಮಿಸಿಸಿಪ್ಪಿಯ ಜಾಕ್ಸನ್‌ನಲ್ಲಿ ಕಪ್ಪು ಜನರ ಹಕ್ಕಿಗೆ ಹೋರಾಡುತ್ತಿದ್ದ ಮೆಡ್ಗರ್ ಎವರ್ಸ್ ಅವರ ಕೊಲೆಯಾದ ಮೇಲೆ, ಆ ಊರಿಗೇ ಹೋಗಿ ಕಪ್ಪು ಬಿಳಿ ಮಕ್ಕಳನ್ನು ಒಟ್ಟಿಗೆ ಸೇರಿಸಿ ಬಾಸ್ಕೆಟ್‌ಬಾಲ್ ಕಲಿಸಿದರು. ಪ್ರಾಣ ಹೋಗುವ ಸಾಧ್ಯತೆ ಇದ್ದ ಕೆಲಸ ಅದು. 1967ರಲ್ಲಿ ಮುಹಮ್ಮದ್ ಅಲಿ ವಿಯೆಟ್ನಾಂ ಯುದ್ಧಕ್ಕೆ ಹೋಗಲ್ಲ ಅಂದಾಗ ಕ್ಲೀವ್‌ಲ್ಯಾಂಡ್‌ನಲ್ಲಿ ಅವರ ಪರ ಕೂತವರಲ್ಲಿ ರಸೆಲ್ ಒಬ್ಬರು.

1972ರಲ್ಲಿ ಅವರ 6ನೇ ನಂಬರಿನ ಜೆರ್ಸಿಯನ್ನು ಗೌರವಕ್ಕಾಗಿ ಮೇಲೆ ಕಟ್ಟಿದಾಗ ಪ್ರೇಕ್ಷಕರು ಇರಬಾರದು ಅಂತ ಷರತ್ತು ಹಾಕಿದರು. ಖಾಲಿ ಅಂಗಳ, ಕೆಲವು ಗೆಳೆಯರು, ಅಷ್ಟೇ. 1975ರಲ್ಲಿ ಹಾಲ್ ಆಫ್ ಫೇಮ್ ಕರೆದರೆ ಹೋಗಲೇ ಇಲ್ಲ. ತನಗಿಂತ ಮುಂಚೆ ಅಲ್ಲಿಗೆ ಸೇರಬೇಕಾದ ಕಪ್ಪು ಆಟಗಾರರು ಇದ್ದಾರೆ ಅನ್ನುವುದು ಅವರ ವಾದ. ಚಕ್ ಕೂಪರ್ 2019ರಲ್ಲಿ ಸೇರಿದ ಮೇಲೆಯೇ ಇವರು ತಮ್ಮ ಉಂಗುರ ತೆಗೆದುಕೊಂಡದ್ದು. 44 ವರ್ಷ ಹಟ ಹಿಡಿಯುವುದು ಅಂದರೆ ಸುಮ್ನೆ ಅಲ್ಲ.

ಅಂಕಿಪ್ರಿಯ:

ಇಷ್ಟೆಲ್ಲಾ ಬರೆದಿದ್ದಕ್ಕೆ ಎಲ್ಲರಿಗೂ ಥ್ಯಾಂಕ್ಸ್. ಆಟಗಾರರೇ ವೋಟ್ ಹಾಕುತ್ತಿದ್ದರು ಅನ್ನುವುದು ನನಗೆ ಹೊಸ ವಿಷಯ, ಅದು ನನ್ನ ಪ್ರಶ್ನೆಯ ಅರ್ಧ ಭಾಗಕ್ಕೆ ಉತ್ತರ. ಎರಡು ಸುತ್ತಿನ ವಾದವೂ ನನಗೆ ಇನ್ನೂ ಸರಿ ಅನ್ನಿಸುತ್ತಿದೆ, ಅದನ್ನು ಬಿಟ್ಟುಕೊಡಲ್ಲ.

ಇನ್ನೊಂದು ಕೇಳಬೇಕು. ಫೈನಲ್ಸ್ ಎಂವಿಪಿ ಟ್ರೋಫಿಗೆ ಬಿಲ್ ರಸೆಲ್ ಹೆಸರೇ ಇದೆ, ಆದರೆ ಅವನ ಹೆಸರಿನಲ್ಲಿ ಒಂದೂ ಫೈನಲ್ಸ್ ಎಂವಿಪಿ ಇಲ್ಲವಲ್ಲ? ಮತ್ತೆ ವಿಲ್ಟ್‌ಗೂ ಅವನಿಗೂ ಮಾತೇ ಇರಲಿಲ್ಲ ಅಂತ ಕೇಳಿದ್ದೇನೆ, ಏನು ದ್ವೇಷ?

ಹಳೇ ಸ್ಕೋರ್‌ಬುಕ್:

ಎರಡಕ್ಕೂ ಒಂದೇ ಪಂದ್ಯದಲ್ಲಿ ಉತ್ತರ ಇದೆ, 1969ರ ಫೈನಲ್‌ನ ಏಳನೇ ಪಂದ್ಯ.

ಆ ಪ್ರಶಸ್ತಿ ಶುರುವಾದದ್ದೇ ಆ ವರ್ಷ. ಅದು ರಸೆಲ್ ಅವರ ಕೊನೆಯ ಸೀಸನ್. ಮೊದಲ ಪ್ರಶಸ್ತಿ ಹೋದದ್ದು ಸೋತ ಲೇಕರ್ಸ್‌ನ ಜೆರ್ರಿ ವೆಸ್ಟ್‌ಗೆ. ಏಳನೇ ಪಂದ್ಯದಲ್ಲಿ ವೆಸ್ಟ್ 42 ಅಂಕ, 13 ರಿಬೌಂಡ್, 12 ಅಸಿಸ್ಟ್ (ಜೊತೆಯವರಿಗೆ ಅಂಕ ತಂದ ಪಾಸ್) ಮಾಡಿಯೂ ಸೋತರು, ಕೊಟ್ಟದ್ದರಲ್ಲಿ ತಪ್ಪೇನಿಲ್ಲ. ಟ್ರೋಫಿಗೆ ರಸೆಲ್ ಹೆಸರಿಟ್ಟದ್ದು 2009ರಲ್ಲಿ.

ಆ ಪಂದ್ಯ ಲಾಸ್ ಏಂಜಲೀಸ್‌ನಲ್ಲಿ. ಲೇಕರ್ಸ್ ಮಾಲೀಕರು ಗೆದ್ದೇ ಗೆಲ್ಲುತ್ತೇವೆ ಅಂತ ಮೊದಲೇ ಸಾವಿರಾರು ಬಲೂನ್‌ಗಳನ್ನು ಚಾವಣಿಯಲ್ಲಿ ಕಟ್ಟಿಸಿದ್ದರು. ಗೆದ್ದ ಮೇಲೆ ಏನೇನು ಕಾರ್ಯಕ್ರಮ ಅಂತ ಹಂಚಿದ ಚೀಟಿ ರಸೆಲ್ ಕೈಗೆ ಸಿಕ್ಕಿತು. ಅದನ್ನು ತಂದು ತಮ್ಮ ಹುಡುಗರಿಗೆ ಓದಿ ಹೇಳಿದರು. ಕೋಚ್ ಆಗಿ ಬೇರೆ ಭಾಷಣ ಮಾಡುವ ಅಗತ್ಯವೇ ಬೀಳಲಿಲ್ಲ! ವಯಸ್ಸು 35. ಅವತ್ತು ಹೊಡೆದದ್ದು 6 ಅಂಕ, ಹಿಡಿದದ್ದು 21 ರಿಬೌಂಡ್. ಸೆಲ್ಟಿಕ್ಸ್ 108-106. ಕೊನೆಯಲ್ಲಿ ಡಾನ್ ನೆಲ್ಸನ್ ಹೊಡೆದ ಶಾಟ್ ರಿಂಗ್‌ನ ಹಿಂಬದಿಗೆ ಬಡಿದು, ಮೇಲಕ್ಕೆ ಚಿಮ್ಮಿ, ನೇರ ಒಳಗೇ ಬಿತ್ತು. ಅರ್ಧ ಕೋರ್ಟ್ ಅವರೇ, ಇದನ್ನು ನಿಮ್ಮ ಅದೃಷ್ಟದ ಪಟ್ಟಿಗೆ ಸೇರಿಸಿಕೊಳ್ಳಿ.

ಇನ್ನು ವಿಲ್ಟ್. ದ್ವೇಷ ಇರಲಿಲ್ಲ, ಮೊದಲು ಒಳ್ಳೆಯ ಗೆಳೆಯರೇ. ಥ್ಯಾಂಕ್ಸ್‌ಗಿವಿಂಗ್ ಹಬ್ಬಕ್ಕೆ ರಸೆಲ್ ಫಿಲಡೆಲ್ಫಿಯಾದಲ್ಲಿ ವಿಲ್ಟ್ ಮನೆಯಲ್ಲೇ ಊಟ ಮಾಡಿ, ಆಮೇಲೆ ಅಂಗಳದಲ್ಲಿ ಎದುರಾಗಿ ಆಡುತ್ತಿದ್ದರು. ಪೈಪೋಟಿ ಮಾತ್ರ ಎಲ್ಲದರಲ್ಲೂ ಇತ್ತು. 1965ರಲ್ಲಿ ವಿಲ್ಟ್ ಸಂಬಳ ಒಂದು ಲಕ್ಷ ಡಾಲರ್ ಆಯಿತು ಅಂತ ಗೊತ್ತಾಗಿ ರಸೆಲ್ ತಮಗೆ ಒಂದು ಲಕ್ಷದ ಒಂದು ಡಾಲರ್ ಬೇಕು ಅಂತ ಪಡೆದರು.

ಮಾತು ಕೆಟ್ಟದ್ದು ಆ ಏಳನೇ ಪಂದ್ಯದಿಂದ. ಕೊನೆಯ ಕ್ವಾರ್ಟರಿನಲ್ಲಿ ಮಂಡಿ ನೋವಾಗಿ ವಿಲ್ಟ್ ಹೊರಗೆ ಹೋದರು. ಮತ್ತೆ ಬರುತ್ತೇನೆ ಅಂದಾಗ ಅವರ ಕೋಚ್ ಬೇಡ ಅಂದುಬಿಟ್ಟರು. ಕೆಲವು ದಿನ ಆದ ಮೇಲೆ ರಸೆಲ್ ಒಂದು ಸಭೆಯಲ್ಲಿ, ಅಂಥ ಪಂದ್ಯದಲ್ಲಿ ಹೊರಗೆ ಹೋಗಬಾರದಿತ್ತು ಅನ್ನುವ ಅರ್ಥದಲ್ಲಿ ಟೀಕೆ ಮಾಡಿದರು. ವಿಲ್ಟ್‌ಗೆ ಅದು ಬಹಳ ನೋವಾಯಿತು. ಇಪ್ಪತ್ತು ವರ್ಷಕ್ಕೂ ಜಾಸ್ತಿ ಮಾತು ಬಿಟ್ಟರು. ಕೊನೆಗೆ ರಸೆಲ್ ಕ್ಷಮೆ ಕೇಳಿದರು, 1999ರಲ್ಲಿ ವಿಲ್ಟ್ ತೀರಿಕೊಳ್ಳುವ ಮುಂಚೆ ಇಬ್ಬರೂ ಮತ್ತೆ ಒಂದಾಗಿದ್ದರು.

ಅರ್ಧ ಕೋರ್ಟ್:

ನೆಲ್ಸನ್ ಶಾಟ್ ಸೇರಿಸಿಕೊಂಡೆ 😄

ಆದರೆ ಕೋಚ್ ರಸೆಲ್ ಬಗ್ಗೆ ಯಾರೂ ಪೂರ್ತಿ ಹೇಳುತ್ತಿಲ್ಲ. ಆಟಗಾರ ರಸೆಲ್ ಅಂಗಳದಲ್ಲಿ ಇದ್ದಾಗ ಕೋಚ್ ರಸೆಲ್ ಗೆದ್ದ. ಸಿಯಾಟಲ್‌ನಲ್ಲಿ 1973ರಿಂದ 1977ರವರೆಗೆ ಇದ್ದ, ಆ ಟೀಮನ್ನು ಮೊದಲ ಸಲ ಪ್ಲೇಆಫ್‌ಗೆ ಒಯ್ದ, ಅಷ್ಟು ಒಪ್ಪಬೇಕು. ಸ್ಯಾಕ್ರಮೆಂಟೊದಲ್ಲಿ 1987-88ರಲ್ಲಿ 17 ಗೆಲುವು, 41 ಸೋಲು, ಸೀಸನ್ ಮುಗಿಯುವ ಮುಂಚೆಯೇ ಕೆಳಗಿಳಿಸಿದರು. ತಾನು ಕಣ್ಣಲ್ಲೇ ಕಂಡದ್ದನ್ನು ಬೇರೆಯವರಿಗೆ ಕಲಿಸಲು ಅವನಿಂದ ಆಗಲಿಲ್ಲ ಅಂತ ನನಗನ್ನಿಸುತ್ತದೆ.

ಗ್ಯಾಲರಿ ಮೂಲೆ:

ಅದು ಸರಿ ಇರಬಹುದು. ಆದರೆ ಕೋಚ್ ಆಗಿಯೂ ಅವರನ್ನು 2021ರಲ್ಲಿ ಹಾಲ್ ಆಫ್ ಫೇಮ್‌ಗೆ ಸೇರಿಸಿದ್ದಾರೆ. 1968ರಲ್ಲಿ ಫಿಲಡೆಲ್ಫಿಯಾ ವಿರುದ್ಧ 3-1 ಹಿಂದೆ ಬಿದ್ದು ಗೆದ್ದ ಸೀರೀಸ್ ನೋಡಿ. ಎನ್‌ಬಿಎಯಲ್ಲಿ ಹಾಗೆ ಗೆದ್ದ ಮೊದಲ ಟೀಮ್ ಅದು. ಆ ಸೀರೀಸ್ ಶುರುವಾದದ್ದು ಮಾರ್ಟಿನ್ ಲೂಥರ್ ಕಿಂಗ್ ಕೊಲೆಯಾದ ಮರುದಿನ. ಆಡಬೇಕೋ ಬೇಡವೋ ಅಂತ ರಸೆಲ್, ವಿಲ್ಟ್ ಎಲ್ಲರೂ ಕೂತು ಮಾತಾಡಿ ಇಳಿದರು. ಅಂಥ ವಾರದಲ್ಲಿ ಒಂದು ಟೀಮನ್ನು ಹಿಡಿದಿಡುವುದನ್ನು ಗೆಲುವು ಸೋಲಿನ ಲೆಕ್ಕದಲ್ಲಿ ಹೇಗೆ ಬರೆಯುತ್ತೀರಿ?

2022ರ ಜುಲೈ 31ರಂದು, 88ನೇ ವಯಸ್ಸಿನಲ್ಲಿ ತೀರಿಕೊಂಡರು. ಅದರ ಮುಂದಿನ ತಿಂಗಳು 6ನೇ ನಂಬರನ್ನು ಇಡೀ ಎನ್‌ಬಿಎಯಲ್ಲೇ ಇನ್ನು ಯಾರಿಗೂ ಹೊಸದಾಗಿ ಕೊಡುವುದಿಲ್ಲ ಅಂತ ತೀರ್ಮಾನ ಆಯಿತು. ಅಂಥ ಗೌರವ ಆ ಲೀಗ್‌ನಲ್ಲಿ ಬೇರೆ ಯಾರಿಗೂ ಸಿಕ್ಕಿರಲಿಲ್ಲ.

ಎಡಗೈ ಸೆಂಟರ್:

@ಅಂಕಿಪ್ರಿಯ, ಅಂಕಿ ನಿಮಗೆ ಇಷ್ಟ ಅಂತ ಇನ್ನೊಂದು ಹೇಳುತ್ತೇನೆ. ರಸೆಲ್ ಪಂದ್ಯಕ್ಕೆ 4.3 ಅಸಿಸ್ಟ್ ಮಾಡುತ್ತಿದ್ದ. ಆ ಕಾಲದಲ್ಲಿ ಅಸಿಸ್ಟ್ ಕೊಡುವುದರಲ್ಲಿ ಲೆಕ್ಕ ಬರೆಯುವವರು ಬಹಳ ಜಿಪುಣರು, ಸೆಂಟರ್‌ಗೆ ಅಷ್ಟು ಸಿಗುವುದೇ ದೊಡ್ಡದು. ಬಾಲ್ ಅವನ ಕೈಗೆ ಬಂದು ಅಲ್ಲಿಂದ ಶೂಟರ್‌ಗೆ ಹೋಗುತ್ತಿತ್ತು, ಹಾಗಾಗಿ ಅವನು ತಾನೇ ಹೊಡೆಯುವುದಕ್ಕೆ ತಲೆಕೆಡಿಸಿಕೊಳ್ಳಲಿಲ್ಲ. ಫ್ರೀ ಥ್ರೋ ಮಾತ್ರ ಕೆಟ್ಟದಾಗಿಯೇ ಇತ್ತು, ಅದಕ್ಕೆ ನನ್ನ ಹತ್ತಿರ ಸಮಜಾಯಿಷಿ ಇಲ್ಲ.

ಅರ್ಧ ಕೋರ್ಟ್:

ಆ ಪಾಸ್‌ಗಳನ್ನು ಜಾಸ್ತಿ ಒಳಗೆ ಹಾಕುತ್ತಿದ್ದವನು ಸ್ಯಾಮ್ ಜೋನ್ಸ್. ಬೋರ್ಡ್‌ಗೆ ತಾಗಿಸಿ ಹೊಡೆಯುವ ಶಾಟ್‌ನಲ್ಲಿ ಅವನ ಸಮ ಯಾರೂ ಇರಲಿಲ್ಲ. ಹತ್ತು ಕಪ್ ಗೆದ್ದಿದ್ದಾನೆ, ರಸೆಲ್ ಬಿಟ್ಟರೆ ಅವನೇ. 1969ರ ಫೈನಲ್‌ನ ನಾಲ್ಕನೇ ಪಂದ್ಯವನ್ನು ಕೊನೇ ಕ್ಷಣದಲ್ಲಿ, ಕಾಲು ಜಾರುತ್ತಿದ್ದರೂ ಶಾಟ್ ಹೊಡೆದು 89-88ಕ್ಕೆ ಗೆಲ್ಲಿಸಿದವನು ಅವನು. ಅದು ಹೋಗಿದ್ದರೆ ಲೇಕರ್ಸ್ 3-1 ಮುಂದೆ, ಏಳನೇ ಪಂದ್ಯವೂ ಇಲ್ಲ, ಬಲೂನೂ ಇಲ್ಲ. ಅವನ ಬಗ್ಗೆ ಯಾರೂ ಪ್ರಶ್ನೆಯನ್ನೇ ಕೇಳುವುದಿಲ್ಲ ನೋಡಿ.

ಅಂಕಿಪ್ರಿಯ:

ಸರಿ, ಸ್ಯಾಮ್ ಜೋನ್ಸ್ ಅಂಕಿಗಳನ್ನು ಇವತ್ತು ರಾತ್ರಿ ತೆಗೆದು ನೋಡುತ್ತೇನೆ. ಬ್ಯಾಂಕ್ ಶಾಟ್ ಲೆಕ್ಕ ಬೇರೆ ಸಿಗುತ್ತದಾ ಅಥವಾ ಅದೂ ಎಣಿಸಿಲ್ಲವಾ?

ಎಡಗೈ ಸೆಂಟರ್:

ಅದನ್ನೂ ಎಣಿಸಿಲ್ಲ!